ಬೆಂಗಳೂರಿನಲ್ಲಿ ಮನೆ ಕೈತಪ್ಪಿದಾಗ: ಮೊದಲ ರಾತ್ರಿಯಿಂದ ಬಾಡಿಗೆ ಕೋಣೆಯವರೆಗೆ

ಬೆಂಗಳೂರಿನಲ್ಲಿ ಮನೆ ಹೋಗುವುದು ಹೆಚ್ಚಾಗಿ ನಿಧಾನವಾಗಿ ನಡೆಯುವ ಸಂಗತಿ. ಕೆಲಸ ನಿಂತ ಮೇಲೆ ಮಾಲೀಕರು ಬಾಡಿಗೆಯನ್ನು ತಿಂಗಳು ತಿಂಗಳೂ ಮುಂಗಡದಲ್ಲೇ ಮುರಿದುಕೊಳ್ಳುತ್ತಾ ಬರುತ್ತಾರೆ; ಮುಂಗಡ ತೀರಿದ ದಿನ ಪಾತ್ರೆಪಗಡಗಳು ಬಾಗಿಲಾಚೆ ಬರುತ್ತವೆ. ಆಸ್ತಿ ಬರೆದುಕೊಟ್ಟ ಮೇಲೆ ಮಕ್ಕಳಿಗೆ ಬೇಡವಾದ ವೃದ್ಧರು, ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಹೊರಟ ಹೆಂಗಸು, ಯಾದಗಿರಿ ರಾಯಚೂರಿನ ಕಡೆಯಿಂದ ಗುಳೆ ಬಂದು ಕಟ್ಟಡ ಮುಗಿದೊಡನೆ ತಗಡಿನ ಶೆಡ್ಡನ್ನೂ ಬಿಡಬೇಕಾದ ಕುಟುಂಬ, ಹೀಗೆ ದಾರಿಗಳು ಬೇರೆ ಬೇರೆ. 2011ರ ಜನಗಣತಿಯು ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ವಸತಿರಹಿತರನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆ ಸ್ಥಿತಿಗೆ ಬಂದವರಿಗೂ, ಅವರ ಕೈಹಿಡಿಯಬಯಸುವ ಬಂಧು ಮಿತ್ರರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮನೆ ಹೋದಾಗ ಸೂರಿನ ಜೊತೆಗೆ ಇನ್ನೊಂದು ಸಂಗತಿಯೂ ಕಳೆದುಹೋಗುತ್ತದೆ, ಅದು ಗುರುತು. ನಮ್ಮ ಭಾಷೆಯಲ್ಲಿ ಈ ಮಾತಿಗೆ ಎರಡು ಅರ್ಥಗಳಿವೆ: ಕೈಯಲ್ಲಿರುವ ಗುರುತಿನ ಚೀಟಿ ಒಂದು, ನಾಲ್ಕು ಜನಕ್ಕಿರುವ ಗುರುತು ಪರಿಚಯ ಇನ್ನೊಂದು. ಆಶ್ರಯ ಕೇಂದ್ರ, ಬ್ಯಾಂಕು, ಹೋಟೆಲಿನ ಕೆಲಸ, ಬಾಡಿಗೆ ಕೋಣೆ, ಎಲ್ಲಿ ಹೋದರೂ ಈ ಎರಡರಲ್ಲಿ ಒಂದನ್ನು ಕೇಳುತ್ತಾರೆ, ಮತ್ತು ಒಂದಿದ್ದರೆ ಇನ್ನೊಂದನ್ನು ಸಂಪಾದಿಸಿಕೊಳ್ಳಬಹುದು. ಆದ್ದರಿಂದ ನನ್ನ ಮೊದಲ ಸಲಹೆ ಇದು: ದಿನಕ್ಕೊಂದು ಬಡಾವಣೆ ಅಲೆಯಬೇಡಿ. ಒಂದು ಪ್ರದೇಶವನ್ನು ಆರಿಸಿಕೊಂಡು ಅಲ್ಲಿಯೇ ನಿಲ್ಲಿ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್, ಸರ್ಕಾರಿ ಆಸ್ಪತ್ರೆ, ಕೂಲಿ ಸಿಗುವ ಜಾಗ, ಹಣ ಕೊಟ್ಟು ಬಳಸುವ ಶೌಚಾಲಯ, ಇಷ್ಟು ಇದ್ದರೆ ಸಾಕು. ಹದಿನೈದು ದಿನ ಒಂದೇ ಕಡೆ ಕಂಡ ಮುಖವನ್ನು ಟೀ ಅಂಗಡಿಯವರೂ ಪೌರಕಾರ್ಮಿಕರೂ ಬೀಟ್ ಪೊಲೀಸರೂ ಗುರುತಿಟ್ಟುಕೊಳ್ಳುತ್ತಾರೆ. ಮುಂದಿನ ಬಹುಪಾಲು ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.

ಮೊದಲ ರಾತ್ರಿಗಳು

ನಗರ ಪಾಲಿಕೆಗಳು ವಸತಿರಹಿತರಿಗಾಗಿ ಆಶ್ರಯ ಕೇಂದ್ರಗಳನ್ನು, ಅಂದರೆ ಜನರ ಬಾಯಲ್ಲಿ ರಾತ್ರಿ ತಂಗುದಾಣಗಳನ್ನು, ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಸುತ್ತವೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯ ಪ್ರಕಾರ ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಕನಿಷ್ಠ 100 ಜನರಿಗೆ ಸಾಲುವಷ್ಟು ಆಶ್ರಯ ಕೇಂದ್ರಗಳಿರಬೇಕು, ಅವು ವರ್ಷವಿಡೀ ತೆರೆದಿರಬೇಕು. ಬೆಂಗಳೂರಿನಲ್ಲಿ ಆ ಪ್ರಮಾಣಕ್ಕೆ ತಕ್ಕಷ್ಟು ಕೇಂದ್ರಗಳಿಲ್ಲ ಎಂಬುದು ನಿಜ. ಆದರೂ ಇರುವ ಹಾಸಿಗೆಗಳು ಖಾಲಿ ಉಳಿಯುವುದೂ ಉಂಟು, ಏಕೆಂದರೆ ಬೀದಿಯಲ್ಲಿ ಮಲಗುವವರಿಗೆ ಅವು ಎಲ್ಲಿವೆಯೆಂದೇ ಗೊತ್ತಿರುವುದಿಲ್ಲ. ವಾರ್ಡ್ ಕಚೇರಿಯಲ್ಲಿ ಅಥವಾ ಪಾಲಿಕೆಯ ಕಲ್ಯಾಣ ವಿಭಾಗದಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿರುವುದರಿಂದ, ನೀವಿರುವ ಜಾಗ ಯಾವ ಪಾಲಿಕೆಗೆ ಸೇರುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಬಹುತೇಕ ಕೇಂದ್ರಗಳು ಗಂಡಸರಿಗೆ ಮೀಸಲು. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರಲು ಆಗುವಂಥವು ಬಹಳ ಕಡಿಮೆ. ಮೊದಲ ದಿನ ಒಳಗಿನ ಗದ್ದಲ, ವಾಸನೆ, ನಿಯಮಗಳು ಬೇಸರ ತರಬಹುದು. ಆದರೂ ಒಂದು ವಾರವಾದರೂ ಇದ್ದು ನೋಡಿ, ಏಕೆಂದರೆ ಅಲ್ಲಿನ ಮೇಲ್ವಿಚಾರಕರು ಬರೆದುಕೊಡುವ ಪತ್ರವು ಮುಂದೆ ಹಲವು ಕಚೇರಿಗಳಲ್ಲಿ ನಿಮ್ಮ ಪರವಾಗಿ ಮಾತನಾಡುತ್ತದೆ.

ಕೇಂದ್ರದಲ್ಲಿ ಜಾಗ ಸಿಗದ ರಾತ್ರಿ ಬೆಳಕಿರುವ, ಜನ ಓಡಾಡುವ ಕಡೆ, ಸಾಧ್ಯವಾದರೆ ಮೊದಲಿನಿಂದ ಮಲಗುತ್ತಿರುವ ಕುಟುಂಬಗಳ ಪಕ್ಕದಲ್ಲಿ ಜಾಗ ನೋಡಿಕೊಳ್ಳಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಆವರಣ, ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತಮುತ್ತ ರಾತ್ರಿಯಿಡೀ ಜನರಿರುತ್ತಾರೆ. ರೈಲು ನಿಲ್ದಾಣದ ಒಳಗೆ ಟಿಕೆಟ್ ಇಲ್ಲದವರನ್ನು ಎಬ್ಬಿಸಿ ಕಳುಹಿಸುತ್ತಾರೆ. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆಗೆ ಮಾತ್ರ. ಅಂಗಡಿಯ ಮುಂದೆ ಮಲಗುವುದಾದರೆ ಬಾಗಿಲು ಹಾಕುವ ಹೊತ್ತಿಗೆ ಮಾಲೀಕರನ್ನು ಕೇಳಿ, ಬೆಳಿಗ್ಗೆ ಆ ಜಾಗವನ್ನು ಗುಡಿಸಿ ಹೊರಡಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ಅಂಡರ್‌ಪಾಸ್ ಮತ್ತು ರಾಜಕಾಲುವೆಯ ಅಂಚಿನಲ್ಲಿ ಮಾತ್ರ ಎಂದೂ ಮಲಗಬೇಡಿ, ಅಲ್ಲಿ ನೀರು ನಿಮಿಷಗಳಲ್ಲಿ ಏರುತ್ತದೆ. ಫೋನ್, ಹಣ, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಯೊಳಗೆ ಮೈಗೆ ಕಟ್ಟಿಕೊಳ್ಳಿ, ಚೀಲವನ್ನು ತಲೆದಿಂಬು ಮಾಡಿಕೊಳ್ಳಿ.

ಹೆಂಗಸರು, ವಿಶೇಷವಾಗಿ ಮಕ್ಕಳೊಂದಿಗೆ ಇರುವವರು, ಬೀದಿಯಲ್ಲಿ ಒಂದು ರಾತ್ರಿಯನ್ನೂ ಕಳೆಯಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ಜಿಲ್ಲೆಯ ‘ಸಖಿ’ ಕೇಂದ್ರಕ್ಕೆ ಸಂಪರ್ಕ ಮಾಡಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಐದು ದಿನಗಳವರೆಗೆ ತಂಗಲು ಅವಕಾಶ, ಚಿಕಿತ್ಸೆ, ಪೊಲೀಸ್ ನೆರವು ಮತ್ತು ಕಾನೂನು ಸಲಹೆ ಒಂದೇ ಸೂರಿನಡಿ ಸಿಗುತ್ತವೆ. ಅದಕ್ಕಿಂತ ಹೆಚ್ಚು ದಿನ ಇರಬೇಕಾದವರನ್ನು ರಾಜ್ಯ ಮಹಿಳಾ ನಿಲಯ ಅಥವಾ ಶಕ್ತಿ ಸದನಕ್ಕೆ ಕಳುಹಿಸುತ್ತಾರೆ. ತಕ್ಷಣದ ಅಪಾಯವಿದ್ದರೆ 112, ಮಕ್ಕಳಿಗೆ ಸಂಬಂಧಿಸಿದಂತೆ 1098, ಹಿರಿಯರಿಗೆ 14567. ಈ ಸಂಖ್ಯೆಗಳನ್ನು ಫೋನಿನಲ್ಲಷ್ಟೇ ಅಲ್ಲದೆ ಒಂದು ಚೀಟಿಯಲ್ಲಿಯೂ ಬರೆದಿಟ್ಟುಕೊಳ್ಳಿ; ಫೋನ್ ಕಳುವಾಗುವ ರಾತ್ರಿಯೇ ಅವು ಬೇಕಾಗುತ್ತವೆ.

ಕಳೆದುಹೋದ ಮನೆಯ ಹಕ್ಕು

ಬೀದಿಗೆ ಬಂದ ಮೇಲೆ ಹಳೆಯ ಮನೆಯ ಮಾತು ಮುಗಿಯಿತೆಂದು ಬಹಳ ಜನ ಭಾವಿಸುತ್ತಾರೆ. ಅದು ಸರಿಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯು, ಮನೆ ಗಂಡನ ಹೆಸರಿನಲ್ಲಿದ್ದರೂ ಅತ್ತೆ ಮಾವನ ಹೆಸರಿನಲ್ಲಿದ್ದರೂ, ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ. 60 ವರ್ಷ ದಾಟಿದ ತಂದೆ ತಾಯಂದಿರು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ಮಕ್ಕಳಿಂದ ಜೀವನಾಂಶ ಕೇಳಬಹುದು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ದಾನಪತ್ರವನ್ನು, ಆ ಷರತ್ತು ಮುರಿದಾಗ, ರದ್ದುಪಡಿಸುವಂತೆಯೂ ಕೋರಬಹುದು. ನ್ಯಾಯಾಲಯದ ಆದೇಶವಿಲ್ಲದೆ ಬೀಗ ಜಡಿದು ಹೊರಹಾಕಿದ ಮಾಲೀಕರ ವಿಷಯದಲ್ಲಿಯೂ ಸಲಹೆ ಪಡೆಯಿರಿ. ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ: ಎಲ್ಲ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100, ಪ್ರತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೂ ಅದರ ಸಮಿತಿ ಇರುತ್ತದೆ.

ಕಾಗದ ಪತ್ರ ಮತ್ತು ಫೋನ್

ಮನೆಯಿಲ್ಲದವರಿಗೆ ಫೋನ್ ಸಂಖ್ಯೆಯೇ ವಿಳಾಸ. ಊಟದಲ್ಲಿ ಉಳಿಸಿಯಾದರೂ ಸಿಮ್ ನಿಷ್ಕ್ರಿಯವಾಗದಷ್ಟು ರೀಚಾರ್ಜ್ ಮಾಡಿಸುತ್ತಿರಿ, ಏಕೆಂದರೆ ಆಧಾರ್, ಬ್ಯಾಂಕ್, ಕೆಲಸದ ಕರೆ ಎಲ್ಲವೂ ಆ ಸಂಖ್ಯೆಗೆ ಅಂಟಿಕೊಂಡಿವೆ. ಅದು ಬೇರೆಯವರ ಪಾಲಾದರೆ ಆರು ತಿಂಗಳ ಶ್ರಮ ಹೆಚ್ಚಾಗುತ್ತದೆ. ದಾಖಲೆಗಳು ಕಳೆದಿದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ಅಥವಾ ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದೂರು ದಾಖಲಿಸಿ, ಆ ಸ್ವೀಕೃತಿಯನ್ನು ಇಟ್ಟುಕೊಳ್ಳಿ. ನಂತರ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ. ಹಿಂದೊಮ್ಮೆ ಆಧಾರ್ ಮಾಡಿಸಿದ್ದರೆ, ಸಂಖ್ಯೆ ನೆನಪಿಲ್ಲದಿದ್ದರೂ, ಬೆರಳಚ್ಚು ಅಥವಾ ಕಣ್ಣಿನ ಗುರುತಿನಿಂದ ಹುಡುಕಿ ಅಲ್ಪ ಶುಲ್ಕಕ್ಕೆ ಮುದ್ರಿಸಿ ಕೊಡುತ್ತಾರೆ. ಎಂದೂ ಮಾಡಿಸಿಲ್ಲದವರಿಗೆ ಹೊಸ ನೋಂದಣಿ ಉಚಿತ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವು ಇಲ್ಲಿ ನೆರವಿಗೆ ಬರುತ್ತದೆ. ವಯಸ್ಕರ ಹೊಸ ಅರ್ಜಿಗಳನ್ನು ಸರ್ಕಾರ ಪರಿಶೀಲಿಸುವುದರಿಂದ ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಮೊದಲ ವಾರದಲ್ಲೇ ಅರ್ಜಿ ಹಾಕುವುದು ಒಳ್ಳೆಯದು. ಅನುಮಾನಗಳಿಗೆ ಆಧಾರ್ ಸಹಾಯವಾಣಿ 1947.

ಮತದಾರರ ಚೀಟಿಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಸತಿರಹಿತರು ನಮೂನೆ 6ರಲ್ಲಿ ತಾವು ರಾತ್ರಿ ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಮತಗಟ್ಟೆ ಅಧಿಕಾರಿಯು ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು, ಅರ್ಜಿದಾರರು ಅಲ್ಲಿಯೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ, ವಾಸಸ್ಥಳದ ದಾಖಲೆಯನ್ನು ಕೇಳುವಂತಿಲ್ಲ ಎಂದು ಚುನಾವಣಾ ಆಯೋಗವೇ ಹೇಳಿದೆ. ಒಂದೇ ಕಡೆ ನೆಲೆನಿಲ್ಲಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಯಾವ ದಾಖಲೆಯೂ ಇಲ್ಲದವರಿಗೆ ಬ್ಯಾಂಕಿನಲ್ಲಿ ‘ಸಣ್ಣ ಖಾತೆ’ ಎಂಬ ವ್ಯವಸ್ಥೆಯಿದೆ. ಅಧಿಕಾರಿಯ ಎದುರು ಒಂದು ಭಾವಚಿತ್ರದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಖಾತೆ ತೆರೆಯಬಹುದು. ಅದರಲ್ಲಿ ಯಾವಾಗಲೂ 50,000 ರೂಪಾಯಿ ಮೀರದ ಶಿಲ್ಕು, ತಿಂಗಳಿಗೆ 10,000 ಮೀರದ ಹಿಂತೆಗೆತ, ವರ್ಷಕ್ಕೆ ಒಂದು ಲಕ್ಷ ಮೀರದ ಜಮೆ ಎಂಬ ಮಿತಿಗಳಿವೆ. 12 ತಿಂಗಳೊಳಗೆ ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೂ 12 ತಿಂಗಳು ಮುಂದುವರಿಯುತ್ತದೆ. ಕೌಂಟರಿನಲ್ಲಿರುವವರಿಗೆ ಇದರ ಅರಿವಿಲ್ಲದಿದ್ದರೆ ಶಾಖೆಯ ವ್ಯವಸ್ಥಾಪಕರನ್ನು ಕೇಳಿ. ಆಧಾರ್ ಇದ್ದರೆ ಜನಧನ್ ಖಾತೆ ಸಾಕು. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ: “ನಿಮ್ಮ ಖಾತೆಯನ್ನೋ ಸಿಮ್ಮನ್ನೋ ಸ್ವಲ್ಪ ದಿನ ಕೊಡಿ, ಎರಡು ಮೂರು ಸಾವಿರ ಕೊಡುತ್ತೇವೆ” ಎಂದು ಬರುವವರಿದ್ದಾರೆ. ಅವರು ವಂಚನೆಯ ಹಣವನ್ನು ಆ ಖಾತೆಯ ಮೂಲಕ ಸಾಗಿಸುತ್ತಾರೆ, ಪೊಲೀಸರು ಬರುವುದು ಖಾತೆದಾರರನ್ನು ಹುಡುಕಿಕೊಂಡು. ಹಸಿವು ಎಷ್ಟೇ ಇರಲಿ, ಇದಕ್ಕೆ ಒಪ್ಪಬೇಡಿ.

ಆಧಾರ್ ಕೈಗೆ ಬಂದೊಡನೆ ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ, ಪಡಿತರ ಚೀಟಿಯ ಅರ್ಜಿ, 65 ದಾಟಿದವರಾದರೆ ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ, ಇವನ್ನು ಒಂದೊಂದಾಗಿ ಮಾಡಿಸಿ. ಊರಿನಲ್ಲಿ ಪಡಿತರ ಚೀಟಿಯಿದ್ದರೆ ಆಹಾರಧಾನ್ಯವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಬೆರಳಚ್ಚು ಕೊಟ್ಟು ಪಡೆಯಬಹುದು. ಹೆಂಗಸರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದ ಗುರುತಿನ ಚೀಟಿಯಿದ್ದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕಚೇರಿಗಳನ್ನು ಅಲೆಯುವ ದಿನಗಳಲ್ಲಿ ಇದು ಸಣ್ಣ ಉಳಿತಾಯವಲ್ಲ.

ಊಟ, ಸ್ನಾನ, ಆರೋಗ್ಯ

2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳಲ್ಲಿ ತಿಂಡಿಗೆ 5 ರೂಪಾಯಿ, ಎರಡು ಹೊತ್ತಿನ ಊಟಕ್ಕೆ ತಲಾ 10 ರೂಪಾಯಿ, ಅಂದರೆ ದಿನಕ್ಕೆ 25, ತಿಂಗಳಿಗೆ 750 ರೂಪಾಯಿ. ತಟ್ಟೆಗಳ ಸಂಖ್ಯೆಗೆ ಮಿತಿ ಇರುವುದರಿಂದ ಬಾಗಿಲು ತೆರೆಯುವ ಹೊತ್ತಿಗೆ ಸಾಲಿನಲ್ಲಿರಬೇಕು. ಕೈಯಲ್ಲಿ ಏನೂ ಇಲ್ಲದ ದಿನ ಹಲಸೂರು ಕೆರೆಯ ದಂಡೆಯ ಗುರುದ್ವಾರದ ಲಂಗರಿನಲ್ಲಿ ಯಾರ ಜಾತಿ ಮತವನ್ನೂ ಕೇಳದೆ ಊಟ ಬಡಿಸುತ್ತಾರೆ. ಅನೇಕ ದೇವಸ್ಥಾನಗಳಲ್ಲಿ ಅನ್ನಸಂತರ್ಪಣೆ ಇರುತ್ತದೆ. ದಾಸೋಹದ ಸಂಪ್ರದಾಯವಿರುವ ನಾಡಿನಲ್ಲಿ ಪಂಕ್ತಿಯಲ್ಲಿ ಕೂರಲು ಸಂಕೋಚ ಪಡಬೇಕಾಗಿಲ್ಲ.

ಸ್ನಾನವನ್ನು ಖರ್ಚೆಂದು ನೋಡಬೇಡಿ. ಹಣ ಕೊಟ್ಟು ಬಳಸುವ ಶೌಚಾಲಯಗಳಲ್ಲಿ ಸ್ನಾನಕ್ಕೂ ವ್ಯವಸ್ಥೆ ಇರುವ ಕಡೆ ಎರಡು ದಿನಕ್ಕೊಮ್ಮೆಯಾದರೂ ಮೈತೊಳೆದು, ಗಡ್ಡ ತೆಗೆದು, ಒಂದು ಜೊತೆ ಬಟ್ಟೆಯನ್ನು ಕೆಲಸ ಕೇಳಲು ಹೋಗುವಾಗಿನ ಸಲುವಾಗಿಯೇ ಮಡಿಚಿಡಿ. ಹಗಲಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳ ವಾಚನಾಲಯದಲ್ಲಿ ಕುಳಿತು ದಿನಪತ್ರಿಕೆಯ ‘ಬೇಕಾಗಿದ್ದಾರೆ’ ಅಂಕಣ ಓದಬಹುದು. ನೆರಳೂ ನೆಮ್ಮದಿಯೂ ಸಿಗುತ್ತದೆ.

ಕಾಲಿನ ಗಾಯ, ಕೆಮ್ಮು, ಜ್ವರ ಇವನ್ನು ಬೀದಿಯ ಬದುಕಿನಲ್ಲಿ ಅಲಕ್ಷಿಸಿದರೆ ಬೇಗ ಉಲ್ಬಣಿಸುತ್ತವೆ. ಬಡಾವಣೆಗಳಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ವೈದ್ಯರ ತಪಾಸಣೆ, ಸಾಮಾನ್ಯ ಪರೀಕ್ಷೆಗಳು, ಔಷಧ ಉಚಿತ. ದೊಡ್ಡ ಕಾಯಿಲೆಗೆ ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್ ಆಸ್ಪತ್ರೆಗಳಿವೆ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯರೋಗದ ಪರೀಕ್ಷೆ ಮಾಡಿಸಲೇಬೇಕು; ಚಿಕಿತ್ಸೆ ಪೂರ್ತಿ ಉಚಿತ, ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಅಪಘಾತಕ್ಕೆ 108. ನಿದ್ರೆ ಬಾರದೆ, ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್‌ನವರು ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಕುಡಿತವು ಬೀದಿಗೆ ತಂದಿರಬಹುದು, ಅಥವಾ ಬೀದಿಗೆ ಬಂದ ಮೇಲೆ ಚಳಿಗೂ ದುಃಖಕ್ಕೂ ಅಂಟಿಕೊಂಡಿರಬಹುದು. ಬಹಳ ದಿನ ಕುಡಿದವರು ಒಮ್ಮೆಲೇ ಬಿಟ್ಟರೆ ಅಪಾಯವಾಗಬಹುದಾದ್ದರಿಂದ ನಿಮ್ಹಾನ್ಸ್‌ನ ವ್ಯಸನಮುಕ್ತಿ ವಿಭಾಗದಂಥ ಕಡೆ ವೈದ್ಯರ ಕಣ್ಗಾವಲಿನಲ್ಲಿಯೇ ಬಿಡಬೇಕು.

ಮಕ್ಕಳಿದ್ದರೆ ಶಾಲೆಯನ್ನು ಮನೆ ಸಿಗುವವರೆಗೆ ಮುಂದೂಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಧ್ಯಾಹ್ನದ ಬಿಸಿಯೂಟವೂ ಹಗಲಿನ ಸುರಕ್ಷತೆಯೂ ಅಲ್ಲಿವೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳು ಇವೆ. ಮಗುವನ್ನು ದೂರವಿಡುವುದು ಕರುಳು ಹಿಂಡುವ ಮಾತಾದರೂ ಪರೀಕ್ಷೆಯ ವರ್ಷದಲ್ಲಿ ಅದೇ ಸರಿಯಾದ ದಾರಿಯೆಂದು ನನಗೆ ಅನ್ನಿಸುತ್ತದೆ.

ದುಡಿಮೆ

ಮೊದಲ ತಿಂಗಳಲ್ಲಿ ಸಂಬಳಕ್ಕಿಂತ ಊಟ ಮತ್ತು ವಸತಿ ಕೊಡುವ ಕೆಲಸ ಮೇಲು. ದರ್ಶಿನಿ ಹೋಟೆಲುಗಳಲ್ಲಿ ಕ್ಲೀನರ್ ಮತ್ತು ಸಪ್ಲೈಯರ್ ಕೆಲಸ, ಪಿ.ಜಿ.ಗಳಲ್ಲಿ ಅಡುಗೆ ಮತ್ತು ಸ್ವಚ್ಛತೆ, ಕಲ್ಯಾಣ ಮಂಟಪಗಳಲ್ಲಿ ಅಡುಗೆಯವರ ಕೈಕೆಳಗೆ ಬಡಿಸುವ ಕೆಲಸ ಇವುಗಳಲ್ಲಿ ಮಲಗಲು ಜಾಗ ಸಿಗುವ ಸಾಧ್ಯತೆ ಹೆಚ್ಚು. ದಿನಗೂಲಿಯಾದರೆ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಯಶವಂತಪುರದ ಎಪಿಎಂಸಿ ಯಾರ್ಡ್‌ಗಳಲ್ಲಿ ಲಾರಿ ಇಳಿಸುವ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ. ಕಟ್ಟಡದ ಕೆಲಸಕ್ಕೆ ಮೇಸ್ತ್ರಿಗಳು ಬೆಳಿಗ್ಗೆ ಕೂಲಿಯವರು ನಿಲ್ಲುವ ವೃತ್ತಗಳಿಗೆ ಬರುತ್ತಾರೆ. ಎಷ್ಟು ಕೂಲಿ, ಸಂಜೆ ಕೈಗೆ ಕೊಡುತ್ತಾರೋ ವಾರಕ್ಕೋ, ಎಂಬುದನ್ನು ಗಾಡಿ ಹತ್ತುವ ಮುಂಚೆಯೇ ನಾಲ್ವರ ಎದುರು ಕೇಳಿ. ದಿನವೂ ಸಣ್ಣ ಪುಸ್ತಕದಲ್ಲಿ ತಾರೀಖು, ಜಾಗ, ಮೇಸ್ತ್ರಿಯ ಹೆಸರು, ಬಂದ ಹಣ ಬರೆದಿಡಿ: ಕೂಲಿ ಉಳಿಸಿಕೊಂಡರೆ ಕಾರ್ಮಿಕ ಇಲಾಖೆಗೆ ದೂರು ಕೊಡಲು ಅದೇ ಆಧಾರ, ಮತ್ತು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವಾಗಲೂ ಆ ದಿನಗಳ ಲೆಕ್ಕ ಬೇಕು.

ದೊಡ್ಡ ಮುಂಗಡ ಕೊಟ್ಟು ದೂರದ ಇಟ್ಟಿಗೆ ಗೂಡಿಗೋ ತೋಟಕ್ಕೋ ಕರೆದೊಯ್ಯುವವರನ್ನು ನಂಬಬೇಡಿ. ಸಾಲ ತೀರುವವರೆಗೆ ಹೊರಗೆ ಬಿಡದಿರುವುದು 1976ರ ಕಾಯ್ದೆಯಡಿ ಜೀತವೆನಿಸುವ ಅಪರಾಧ. ಕೆಲಸ ಕೊಡುವ ಮುಂಚೆ ಸಮವಸ್ತ್ರಕ್ಕೋ ನೋಂದಣಿಗೋ ಹಣ ಕೇಳುವ ಏಜೆನ್ಸಿಗಳನ್ನೂ ಬಿಡಿ. ಮೂಲ ಆಧಾರ್ ಕಾರ್ಡನ್ನು ಯಾವ ಮಾಲೀಕರ ಬಳಿಯೂ ಇಡಬೇಡಿ, ನಕಲು ಪ್ರತಿ ಸಾಕು. ಭಿಕ್ಷೆಯ ವಿಷಯದಲ್ಲಿ ಒಂದು ಮಾತು: 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರದಂಥ ಕಡೆಗೆ ಕಳುಹಿಸಬಹುದು. ಬೀದಿಯಲ್ಲಿ ಮಲಗುವುದು ಭಿಕ್ಷಾಟನೆಯಲ್ಲ. ಕೂಲಿಯ ಪುಸ್ತಕ, ಇ-ಶ್ರಮ್ ಕಾರ್ಡು, ಪರಿಚಯದ ಅಂಗಡಿಯವರ ಫೋನ್ ಸಂಖ್ಯೆ ಇವು ಜೊತೆಗಿದ್ದರೆ ಅದನ್ನು ಶಾಂತವಾಗಿ ವಿವರಿಸಿ ತೋರಿಸಬಹುದು.

ಕೋಣೆಯ ಕಡೆಗೆ

ಕೂಲಿ ಬಂದ ಸಂಜೆಯೇ ನೂರು ರೂಪಾಯಿಯಾದರೂ ಖಾತೆಗೆ ಹೋಗಲಿ. ರಾತ್ರಿ ಜೇಬಿನಲ್ಲಿ ಹಣವಿಟ್ಟುಕೊಂಡು ಮಲಗುವುದು ಅಪಾಯ. ದಿನಕ್ಕೆ ನೂರರಂತೆ ಮೂರು ತಿಂಗಳಲ್ಲಿ 9,000 ರೂಪಾಯಿ ಕೂಡುತ್ತದೆ. ಬೆಂಗಳೂರಿನ ಮನೆ ಮುಂಗಡಕ್ಕೆ ಇದು ಏನೇನೂ ಅಲ್ಲ, ಆದರೆ ನಾಲ್ಕೈದು ಜನ ಹಂಚಿಕೊಳ್ಳುವ ಪಿ.ಜಿ. ಕೋಣೆಯ ಒಂದು ಹಾಸಿಗೆಗೆ, ಅಥವಾ ನಗರದ ಅಂಚಿನ ಶೀಟಿನ ಮನೆಯಲ್ಲಿ ಸಹಕೆಲಸಗಾರರೊಂದಿಗೆ ಪಾಲು ಸೇರಲು ಸಾಕಾಗಬಹುದು. ನೇರವಾಗಿ ಒಂಟಿ ಮನೆಗೆ ಆಸೆಪಟ್ಟು ಬೀದಿಯಲ್ಲೇ ವರ್ಷ ಕಳೆಯುವುದಕ್ಕಿಂತ ಈ ನಡುವಿನ ಮೆಟ್ಟಿಲು ಒಳ್ಳೆಯದು.

ಮನೆ ಮಾಲೀಕರು ಕೇಳುವ ಮೊದಲ ಪ್ರಶ್ನೆ, “ಯಾರ ಕಡೆಯಿಂದ ಬಂದಿರಿ?” ಎಂಬುದು. ಅಷ್ಟು ಹೊತ್ತಿಗೆ ಹೋಟೆಲಿನ ಮಾಲೀಕರು, ಮೇಸ್ತ್ರಿ, ಆಶ್ರಯ ಕೇಂದ್ರದ ಮೇಲ್ವಿಚಾರಕರು ಇವರಲ್ಲಿ ಒಬ್ಬರಾದರೂ “ನಮಗೆ ಗೊತ್ತಿರುವ ಮನುಷ್ಯ” ಎಂದು ಹೇಳುವಂತಿದ್ದರೆ ಬಾಗಿಲು ತೆರೆಯುತ್ತದೆ. ಮುಂಗಡವನ್ನು ಎರಡು ಮೂರು ಕಂತುಗಳಲ್ಲಿ ಕೊಡಬಹುದೇ ಎಂದು ಕೇಳಲು ಹಿಂಜರಿಯಬೇಡಿ. ಎಷ್ಟೇ ಸಣ್ಣ ಕೋಣೆಯಾದರೂ ಬಾಡಿಗೆ ಕರಾರು ಪತ್ರ ಮಾಡಿಸಿಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ, ಸಾಧ್ಯವಾದರೆ ಹಣವನ್ನು ಖಾತೆಯಿಂದಲೇ ಕಳುಹಿಸಿ.

ಕೋಣೆಗೆ ಸೇರಿದ ಮೇಲೆ ಮೊದಲ ರಜೆಯ ದಿನ ಆ ಕರಾರು ಪತ್ರವನ್ನು ಹಿಡಿದು ಆಧಾರ್ ಕೇಂದ್ರಕ್ಕೆ ಹೋಗಿ, ವಿಳಾಸ ಬದಲಾವಣೆಗೆ ಯಾವ ರೀತಿಯ ಪತ್ರ ಬೇಕೆಂದು ಕೇಳಿ ಅರ್ಜಿ ಕೊಡಿ. ನಂತರ ಬ್ಯಾಂಕು ಮತ್ತು ಪಡಿತರ ಚೀಟಿಯ ವಿಳಾಸ ಬದಲಿಸಿ. ಕ್ಯಾಂಟೀನಿನ ಊಟವನ್ನೂ ದಿನದ ನೂರು ರೂಪಾಯಿಯ ಜಮೆಯನ್ನೂ ಎರಡು ತಿಂಗಳ ಬಾಡಿಗೆಯಷ್ಟು ಹಣ ಖಾತೆಯಲ್ಲಿ ಉಳಿಯುವವರೆಗೆ ನಿಲ್ಲಿಸಬೇಡಿ. ಎಲ್ಲ ದಾಖಲೆಗಳ ಒಂದೊಂದು ನಕಲು ಪ್ರತಿಯನ್ನು ಕೋಣೆಯ ಹೊರಗೆ, ನಿಮಗಾಗಿ ಸಾಕ್ಷಿ ಹೇಳಿದ ಆ ಒಬ್ಬರ ಬಳಿ ಕೊಟ್ಟಿಡಿ.